ಸಾಂತಾಕ್ರೂಝಿನಲ್ಲಿ ಒಂಬತ್ತು ತಾಸು

ಸತ್ತೆವ್ವನಿಗೆ ಓದು ಬರೆಹ ಬರುತ್ತಿರಲಿಲ್ಲ. ಗಡಿಯಾರ ನೋಡುವುದೂ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಆಕೆ ಮುಂಬಯಿಯಲ್ಲಿ ಮಾಡಿದ್ದನ್ನು ನಮ್ಮ ಓಣಿಯಲ್ಲಿ ಕೆಲವರು ಹೇಡಿತನವೆಂದರು, ಕೆಲವರು ಸೊಕ್ಕು ಎಂದರು. ಎರಡೂ ಅಲ್ಲ.

ಆಕೆ ಸಂಪಗಾವಿ ಕಡೆಯವಳು. ದಾಂಡೇಲಿಯಲ್ಲಿ ಕಾಗದದ ಮಿಲ್ಲು ಏಳುತ್ತಿದ್ದಾಗ ಗಂಡ ದ್ಯಾಮಪ್ಪನ ಜೊತೆ ಬಂದಳು. ಅವನಿಗೆ ಬಿದಿರು ಇಳಿಸುವ ಅಂಗಳದಲ್ಲಿ ಕೆಲಸ ಸಿಕ್ಕಿತು. 1961ರಲ್ಲಿ ಅವನು ಕೂಲಿಗಳ ಮೇಲಿನ ಮುಕಾದಮನ ಅಂಗಿ ಹಿಡಿದು ಎಳೆದ, ಕೆಲಸ ಹೋಯಿತು, ಮುಂಬಯಿಯ ಒಂದು ಬಟ್ಟೆ ಗಿರಣಿ ಸೇರಿದ. ಒಂದು ವರ್ಷ ಕಾರ್ಡು ಬಂದವು. ಆಮೇಲೆ ನಿಂತವು. ಸತ್ತೆವ್ವನ ಪರವಾಗಿ ಅವನ ಚಾಳಿನ ವಿಳಾಸಕ್ಕೆ ಮೂರು ಕಾರ್ಡು ಬರೆದವಳು ನಾನೇ. ಆಕೆಯ ಮಗಳು ಮಾಲವ್ವ ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಳು. ಮೂರು ಕಾರ್ಡೂ ಹಾಗೇ ತಿರುಗಿ ಬಂದವು.

ಮಿಲ್ಲಿನವರ ಕಾಲನಿ ಬಂಗೂರನಗರದಲ್ಲಿ ಆಗ ಕೆಲ್ಲರ್ ಎಂಬ ಜರ್ಮನ್ ಎಂಜಿನಿಯರ್ ಇದ್ದ. ಸತ್ತೆವ್ವ ಅವನ ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಿದ್ದಳು. ಎಂಟು ತಿಂಗಳ ಆ ಕೂಸು ಈಕೆಯ ತೊಡೆಯ ಮೇಲಲ್ಲದೆ ಮಲಗುತ್ತಿರಲಿಲ್ಲ. 1964ರ ಮಳೆಗಾಲದಲ್ಲಿ ಕೆಲ್ಲರನ ಕೆಲಸ ಮುಗಿಯಿತು. ಎರಡು ವರ್ಷದ ಮಟ್ಟಿಗೆ ನೀನೂ ಬಾ, ಪಗಾರವನ್ನು ತಿಂಗಳಾ ನಿನ್ನ ಮನೆಗೆ ಕಳಿಸುತ್ತೇವೆ ಎಂದು ಅವನ ಹೆಂಡತಿ ಕೇಳಿದಳು. ಸತ್ತೆವ್ವ ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಆ ಮನೆಯ ಕೆಲಸ ಹೋದರೆ ಒಲೆ ಹೊತ್ತುವಂತಿರಲಿಲ್ಲ.

ಅತ್ತೆ ಮುದಕವ್ವನಿಗೆ ಕಣ್ಣಲ್ಲಿ ಪೊರೆ ಬಂದಿತ್ತು. ಒಲೆಯ ಮುಂದೆ ಕೈಯಾಡಿಸಿ ಪಾತ್ರೆ ಹುಡುಕುತ್ತಿದ್ದಳು. ನಾಲಿಗೆ ಮಾತ್ರ ಚುರುಕಾಗಿತ್ತು.

"ಗಂಡನ್ನ ಕೇಳದ ಸಮುದ್ರಾ ದಾಟಾಕಿ ಯಾವ ಊರಾಗ ಹುಟ್ಟ್ಯಾಳವಾ?"

"ಎಲ್ಲಿ ಹುಡುಕಿ ಕೇಳ್ಲಿ ಅತ್ತಿ? ಬರಸಿದ ಮೂರು ಕಾರ್ಡೂ ತಿರುಗಿ ಬಂದಾವಲ್ಲ?"

"ನಾಳೆ ನಂದೂ ಕಣ್ಣ ಪೂರಾ ಹೋದ್ರ ಈ ಹುಡುಗೀಗಿ ಯಾರು ದಿಕ್ಕು? ಗೂಟಕ್ಕ ಕಟ್ಟಿ ಹೋಗ್ತೀಯೇನ?"

ಇದಕ್ಕೆ ಸತ್ತೆವ್ವ ಒಂದು ದಾರಿ ಹುಡುಕಿದಳು. ಕೆಲ್ಲರ್ ಸಂಸಾರ ಬೆಂಗಳೂರಿನಿಂದ ವಿಮಾನದಲ್ಲಿ ಮುಂಬಯಿಗೆ ಹೋಗಿ, ಅಲ್ಲಿ ಸಾಂತಾಕ್ರೂಝಿನ ನಿಲ್ದಾಣದಲ್ಲಿ ಇನ್ನೊಂದು ವಿಮಾನಕ್ಕಾಗಿ ಕಾಯಬೇಕಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ, ಒಂಬತ್ತು ತಾಸು. ಆ ಒಂಬತ್ತು ತಾಸಿನಲ್ಲಿ, ಹಳೆಯ ಕಾರ್ಡಿನಲ್ಲಿ ಹೆಸರಿದ್ದ ಗಿರಣಿಗೆ ಹೋಗಿ ದ್ಯಾಮಪ್ಪನನ್ನು ಹಿಡಿದು ದಾಂಡೇಲಿಗೆ, ಮಗಳ ಹತ್ತಿರ, ಅಟ್ಟಬೇಕು. ಅವನು ಹೊರಟರೆ ತಾನು ವಿಮಾನ ಹತ್ತುವುದು. ಮುದಕವ್ವನಿಗೆ ಹಾಗೆಂದು ಆಣೆ ಮಾಡಿ ಹೊರಟಳು.

ಮುಂಬಯಿಯಲ್ಲಿ ಮಳೆ ಹಿಡಿದಿತ್ತು. ಕೆಲ್ಲರನ ಹೆಂಡತಿ ಕೂಸನ್ನು ತಾನೇ ಎತ್ತಿಕೊಂಡು, ಹೋಗಿ ಬರಲು ಟ್ಯಾಕ್ಸಿಯ ದುಡ್ಡು ಕೊಟ್ಟು, ನಾಲ್ಕು ಬೆರಳು ತೋರಿಸಿ ತನ್ನ ಅರೆಬರೆ ಹಿಂದಿಯಲ್ಲಿ ಹೇಳಿದಳು: ನಾಲ್ಕಕ್ಕೆ ಅಲ್ಲಿಂದ ಹೊರಡಬೇಕು, ಐದಕ್ಕೆ ಇಲ್ಲಿರಬೇಕು, ಐದರ ಮೇಲೆ ಒಳಗೆ ಬಿಡುವುದಿಲ್ಲ.

ಕಾಗದಪತ್ರಗಳ ತಪಾಸಣೆಯಲ್ಲೇ ಒಂದು ತಾಸು ಹೋಯಿತು. ಗಿರಣಿಯ ಬಾಗಿಲು ಮುಟ್ಟುವಾಗ ಹನ್ನೆರಡಾಗುತ್ತ ಬಂದಿತ್ತು. ಬಾಗಿಲ ಮುಂದೆ ಛತ್ರಿ ಹಿಡಿದು ನಿಂತಿದ್ದ ಪಹರೆಯವನಿಗೆ ಸತ್ತೆವ್ವ ದ್ಯಾಮಪ್ಪನ ಹಳೆಯ ಕಾರ್ಡು ಚಾಚಿದಳು. ಅವನು ಕಾರ್ಡು ನೋಡಿ ನಕ್ಕ. ಹೆಸರು ಪರಸಪ್ಪ, ಗೋಕಾಕ ಕಡೆಯವನು.

"ಕನ್ನಡದಾಕಿ! ಯಾರು ಬೇಕವಾ ನಿನಗ?"

"ಇವರು."

"ಇವರು ಅಂದ್ರ?"

"ನಮ್ಮ ಮಾಲೀ ಅಪ್ಪ."

"ಗಂಡನ ಹೆಸರ ಹೇಳಂಗಿಲ್ಲಲ್ಲಾ! ತಂಗಿ, ಈ ಗಿರಣ್ಯಾಗ ಮೂರು ಸಾವಿರ ಮಂದಿ ಗಂಡಂದಿರು ಅದಾರ. ಒಬ್ಬೊಬ್ಬರ್ನ ಕರದು ನಿಂದ ಹೌದೋ ಅಲ್ಲೋ ಅಂತ ನೋಡೂಣೇನು?" ಅವನು ಕಾರ್ಡಿನ ಕೆಳಗಿನ ಹೆಸರು ಓದಿದ. "ದ್ಯಾಮಪ್ಪ. ಮಗ್ಗದ ಖಾತೇದಾಗ ಒಬ್ಬಾವ ಅದಾನ. ಗದ್ದದ ಮ್ಯಾಲೆ ಗಾಯದ ಕಲಿ?"

ಸತ್ತೆವ್ವ ಹೌದೆಂದು ತಲೆಯಾಡಿಸಿದಳು. ಬದುಕಿದ್ದಾನೆ ಎಂಬುದೇ ಆಕೆಗೆ ಆವರೆಗೆ ಖಾತ್ರಿ ಇರಲಿಲ್ಲ.

"ಅವರ್ನ ಈಗ ಕರೀರಿ ಅಣ್ಣಾ. ಒಂದ ಮಾತ ಐತಿ, ಅಷ್ಟ."

"ಹನ್ನೊಂದಕ್ಕ ಊಟದ ಸೂಟಿ ಇತ್ತು, ಆಗ ಬಂದಿದ್ರ ಆಗ್ತಿತ್ತು. ಮಗ್ಗಾ ನಿಲ್ಲಿಸಿ ಬಿಡಂಗಿಲ್ಲವಾ, ಖಾತೇದ ಮ್ಯಾಲಿನ ಜಾಬರ್ ನನ್ನ ಕೊಂದ ಹಾಕ್ತಾನ. ಮೂರೂವರಿಗಿ ಪಾಳಿ ಬಿಡತೈತಿ. ಇಲ್ಲೇ ಕುಂದ್ರು, ಈ ಬಾಗಲದಾಗ ಬರ್ತಾನ."

ಮೂರೂವರೆಗೆ ಬಂದರೆ ನಾಲ್ಕರವರೆಗೆ ಅರ್ಧ ತಾಸು. ಸಾಕು ಎಂದುಕೊಂಡಳು. ಎದುರಿನ ಚಹಾದಂಗಡಿಯ ತಗಡಿನ ಕೆಳಗೆ ಕುಳಿತಳು. ಸ್ವಲ್ಪ ಹೊತ್ತಿಗೆ ಪರಸಪ್ಪನನ್ನು ಒಳಗೆ ಕರೆದರು. ಅವನ ಜಾಗಕ್ಕೆ ಬಂದವನು ಉತ್ತರ ಹಿಂದೂಸ್ತಾನದ ಕಡೆಯವನು, ಈಕೆಯತ್ತ ತಿರುಗಿಯೂ ನೋಡಲಿಲ್ಲ.

ಇಲ್ಲಿ ದಾಂಡೇಲಿಯ ಮಾತು ಹೇಳಬೇಕು. ನಮ್ಮಲ್ಲಿ ಊರಿಗೆಲ್ಲ ಮಿಲ್ಲಿನ ಒಂದೇ ಸೈರನ್ನು, ಭೋಂಗಾ ಎನ್ನುತ್ತಿದ್ದೆವು. ಪಾಳಿ ಬದಲಿಗೆ ಕೂಗುತ್ತಿತ್ತು, ಊಟಕ್ಕೆ ಕೂಗುತ್ತಿತ್ತು. ರೊಟ್ಟಿಗೆ ಹಿಟ್ಟು ನಾದುವುದು, ಮಕ್ಕಳನ್ನು ಶಾಲೆಗೆ ಅಟ್ಟುವುದು, ನಲ್ಲಿಗೆ ಕೊಡ ಒಯ್ಯುವುದು ಎಲ್ಲ ಅದರ ಮೇಲೆ. ಭೋಂಗಾ ಕೂಗಿದ ಮೇಲೆ ಎಷ್ಟು ಗಂಟೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಹುಚ್ಚೇನು ಎನ್ನುತ್ತಿದ್ದರು. ಹಳ್ಳಿಯಲ್ಲಿ ನೆರಳು ನೋಡಿ ಹೊತ್ತು ಅಳೆದವಳೇ ಆದರೂ ಸತ್ತೆವ್ವನಿಗೆ ಆ ದಿನ ನೆರಳಿರಲಿಲ್ಲ. ಬೆಳಗಿನಿಂದ ಒಂದೇ ಬೂದಿ ಬಣ್ಣದ ಆಕಾಶ.

ಭೋಂಗಾ ಕೂಗಿತು. ಆಕೆ ದಡಬಡ ಎದ್ದಳು. ಬಾಗಿಲು ಕಾಣದ ಹಾಗೆ ಓಣಿಯ ತುಂಬ ಗಂಡಸರು ಬಂದರು, ನೂರಾರು ಜನ, ತಲೆಯ ಮೇಲೆ ಗೋಣಿಚೀಲ, ಟವೆಲ್ಲು, ಛತ್ರಿ. ಸತ್ತೆವ್ವ ಪ್ರತಿಯೊಬ್ಬನ ಗದ್ದ ನೋಡಿದಳು. ಅಡ್ಡ ನಿಂತು ನೋಡಿದಳು. ಒಬ್ಬನ ಟವೆಲ್ಲು ಸರಿಸಿಯೂ ನೋಡಿದಳು, ಅವನು ಬೈದ. ಜನ ಕರಗಿತು. ದ್ಯಾಮಪ್ಪ ಬರಲಿಲ್ಲ.

ಅವರು ಪಕ್ಕದ ಗಿರಣಿಯವರು. ಆಗ ಎರಡು ಗಂಟೆ. ಮುಂಬಯಿಯ ಆ ಭಾಗದಲ್ಲಿ ಗಿರಣಿಗೊಂದು ಭೋಂಗಾ, ಒಂದೊಂದಕ್ಕೆ ಒಂದೊಂದು ಹೊತ್ತು. ಸತ್ತೆವ್ವನಿಗೆ ಅದು ಮೂರೂವರೆಯ ಭೋಂಗಾ, ಬಂದವರು ದ್ಯಾಮಪ್ಪನ ಪಾಳಿಯವರು. ಆದ್ದರಿಂದ ಅವನು ತನ್ನನ್ನು ದೂರದಿಂದಲೇ ಕಂಡು ತಲೆ ಮುಚ್ಚಿಕೊಂಡು ಹೋಗಿರಬೇಕು, ಇಲ್ಲವೆ ಹಿಂದಿನ ಬಾಗಿಲಿನಿಂದ ತಪ್ಪಿಸಿಕೊಂಡಿರಬೇಕು. ಬೇರೆ ಅರ್ಥವೇ ಇರಲಿಲ್ಲ. ಆಕೆ ಮಳೆಯಲ್ಲೇ ನಿಂತಳು. ಆ ಹೊತ್ತು ತನಗೆ ಸಿಟ್ಟು ಬರಲಿಲ್ಲ ಎಂದು ಮುಂದೆ ಹೇಳಿದಳು.

ಅರ್ಧ ತಾಸು ಬಿಟ್ಟು ಇನ್ನೊಂದು ಗಿರಣಿ ಕೂಗಿತು. ನಾಲ್ಕು! ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದಳು. ಗಂಡ ಓಡಿಹೋದ, ಇನ್ನು ವಿಮಾನವೂ ಹೋದರೆ ಮಗಳಿಗೆ ಪಗಾರದ ಆಸರೆಯೂ ಇಲ್ಲ. ಟ್ಯಾಕ್ಸಿ ಹತ್ತಿದಳು.

ನಿಲ್ದಾಣದಲ್ಲಿ ಕೆಲ್ಲರನ ಹೆಂಡತಿ ಕೂಸಿಗೆ ಬಾಟಲಿಯ ಹಾಲು ಕುಡಿಸುತ್ತಿದ್ದಳು. ಇಷ್ಟು ಬೇಗ ಬಂದೆಯಾ, ಸಿಕ್ಕನೇ ಎಂದಳು. ಬೇಗ ಎಲ್ಲಿ, ನಾಲ್ಕು ಹೊಡೆದ ಮೇಲೆಯೇ ಬಂದೆ ಎಂದಳು ಸತ್ತೆವ್ವ. ಆ ಹೆಂಗಸು ಗೋಡೆಯ ಗಡಿಯಾರ ತೋರಿಸಿ, ಮೂರು ಇಪ್ಪತ್ತು ಎಂದು ಬೆರಳಿನಲ್ಲಿ ಎಣಿಸಿ ತಿಳಿಸಿದಳು.

ಸತ್ತೆವ್ವ ನೆಲದ ಮೇಲೆ ಕುಳಿತುಬಿಟ್ಟಳು. ಇನ್ನು ಹತ್ತು ನಿಮಿಷಕ್ಕೆ ಆ ಬಾಗಿಲು ತೆರೆಯುತ್ತದೆ. ದ್ಯಾಮಪ್ಪ ಹೊರಗೆ ಬರುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಅವನು ತಪ್ಪಿಸಿಕೊಂಡಿರಲಿಲ್ಲ. ತಾನೇ ಬಿಟ್ಟು ಬಂದಿದ್ದಳು.

ಕೆಲ್ಲರನ ಹೆಂಡತಿ ಜಾಣೆ. ಕೂಸನ್ನು ಸತ್ತೆವ್ವನ ಮಡಿಲಿಗೆ ಹಾಕಿ ಕೌಂಟರಿನ ಹಿಂದಿನ ಗುಮಾಸ್ತನ ಹತ್ತಿರ ಹೋಗಿ ಗಿರಣಿಯ ಹೆಸರು ಹೇಳಿ ಜಗಳಾಡಿದಳು. ಅವನು ಫೋನಿನ ಪುಸ್ತಕದಲ್ಲಿ ಹುಡುಕಿ ನಂಬರು ತಿರುವಿದ. ಗಿರಣಿಯ ಕಚೇರಿ ಎತ್ತಿತು, ಕಚೇರಿಯಿಂದ ಬಾಗಿಲಿಗೆ ಜೋಡಿಸಿದರು. ಬಾಗಿಲಿಗೆ ಪರಸಪ್ಪ ತಿರುಗಿ ಬಂದಿದ್ದ. ಕಪ್ಪು ಹಿಡಿಕೆಯನ್ನು ಸತ್ತೆವ್ವನ ಕಿವಿಗೆ ಒತ್ತಿದರು. ಆಕೆ ಆವರೆಗೆ ಫೋನು ಮುಟ್ಟಿದವಳಲ್ಲ.

"ಎಲ್ಲಿ ಹಾಳಾಗಿ ಹೋದಿ ತಂಗಿ? ನಾ ಬರೂದ್ರಾಗ ನೀನ ಇಲ್ಲ!"

"ನಾಕ ಆತು ಅಂತ ಬಂದ್ನಿ ಅಣ್ಣಾ. ಭೋಂಗಾ ಆತು."

"ಯವ್ವಾ, ಅದು ಬಾಜೂ ಗಿರಣೀದು! ಆ ಚಹಾದಾವ್ನ ಒಂದ ಮಾತ ಕೇಳೂದಲ್ಲಾ?"

"ಅಣ್ಣಾ, ಕಾಲ ಬೀಳ್ತೇನಿ. ಅವರ ಬಂದ ಕೂಡ್ಲೆ ಹೇಳ್ರಿ. ಅತ್ತೀಗಿ ಕಣ್ಣ ಕಾಣೂದಿಲ್ಲ. ಮಾಲಿ ಒಬ್ಬಾಕೀನ ಅದಾಳ. ನಾ ದೂರ ಹೊಂಟೇನಿ, ಎರಡು ವರ್ಷ. ದಾಂಡೇಲಿಗೆ ಹೋಗ್ರಿ ಅಂದ್ಲು ಅಂತ ಹೇಳ್ರಿ."

"ಹೇಳ್ತೇನಿ. ನೀ ಹಿಡದ ನಿಲ್ಲು, ಈಗ ಬಿಡತೈತಿ, ಎಳಕೊಂಡ ಬಂದ ನಿನ್ನ ಕೂಡ ಮಾತಾಡಸ್ತೇನಿ."

ಆಕೆ ಹಿಡಿದು ನಿಂತಳು. ಹಿಡಿಕೆಯೊಳಗಿಂದ ಭೋಂಗಾ ಕೇಳಿಸಿತು, ನಿಜವಾದ ಮೂರೂವರೆಯದು. ಕಾಲುಗಳ ಸದ್ದು, ಗದ್ದಲ, ಪರಸಪ್ಪ ಯಾರನ್ನೋ ಕೂಗುವುದು. ಆಮೇಲೆ ಕಟಕ್ ಎಂದಿತು. ಗುಮಾಸ್ತ ಮತ್ತೆ ತಿರುವಿದ. ಬಾಗಿಲಿನ ಫೋನು ಎತ್ತುವವರಿರಲಿಲ್ಲ. ಎರಡು ಸಲ, ಮೂರು ಸಲ. ಆಮೇಲೆ ಅವನ ಮುಂದೆ ಬೇರೆಯವರು ಸಾಲು ನಿಂತರು.

ತಿರುಗಿ ಗಿರಣಿಗೆ ಹೋಗುವೆನೆಂದು ಆಕೆ ಎದ್ದಳು. ಮುಟ್ಟುವುದರೊಳಗೆ ನಾಲ್ಕೂವರೆ; ದ್ಯಾಮಪ್ಪ ಮನೆ ಸೇರಿರುತ್ತಾನೆ, ಮನೆ ಯಾವುದೆಂದು ಗೊತ್ತಿಲ್ಲ. ಕೆಲ್ಲರ್ ಒಂದೇ ಮಾತು ಕೇಳಿದ: ಬರುತ್ತೀಯೋ, ಉಳಿಯುತ್ತೀಯೋ? ಉಳಿದರೆ ಊರಿಗೆ ರೈಲಿನ ದುಡ್ಡು ಕೊಡುತ್ತೇನೆ. ಸತ್ತೆವ್ವ ಐದರವರೆಗೆ ಬಾಗಿಲನ್ನೇ ನೋಡುತ್ತ ಕುಳಿತಳು. ಗಂಡನಿಗೆ ಮಾತು ಮುಟ್ಟಿದ್ದರೆ ತಾನು ಹೋಗಬೇಕು, ಮುಟ್ಟದಿದ್ದರೆ ತಾನು ಹೋಗಬಾರದು. ಯಾವುದೆಂದು ಹೇಳುವವರಿಲ್ಲ. ಕೂಸು ತೊಡೆಯ ಮೇಲೆ ಮಲಗಿತ್ತು. ಐದಕ್ಕೆ ಕರೆದರು. ಎದ್ದು ಹೋದಳು. ತಿಂಗಳಾ ಬರುವ ಪಗಾರವಾದರೂ ಖಾತ್ರಿ, ಉಳಿದದ್ದೆಲ್ಲ ಗಾಳಿ ಎಂದು ಯೋಚಿಸಿದೆ ಎಂದು ನನಗೆ ಹೇಳಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ದ್ಯಾಮಪ್ಪ ಹನ್ನೊಂದನೆಯ ದಿನ ದಾಂಡೇಲಿಗೆ ಬಂದ. ಮಾತು ಮುಟ್ಟಿತ್ತು, ಪಗಾರದ ದಿನದವರೆಗೆ ಕಾದು ಬಂದಿದ್ದ. ನನ್ನ ಕಟ್ಟೆಯ ಕೆಳಗೆ ನಿಂತು, "ಅಕ್ಕಾರ, ಆಕಿ ಸಿಟ್ಟಿಲೆ ಹೋದ್ಲೇನ್ರಿ?" ಎಂದ.

"ಕಾರ್ಡ್ ಯಾಕ ಬರೀಲಿಲ್ಲ ನೀನು?"

"ಗಿರಣ್ಯಾಗ ತಗದ್ರು, ಚಾಳಾ ಬಿಟ್ನಿ, ಮತ್ತ ತಗೊಳ್ಳೂತನಕಾ ಒಂದ ವರ್ಷ ಕೆಲಸ ಇರ್ಲಿಲ್ರಿ. ಏನಂತ ಬರೀಲಿ?"

"ಕೆಲಸ ಇಲ್ಲ ಅಂತ ಬರೀಬೇಕಿತ್ತು."

ಅವನು ಒಳ್ಳೆಯ ಗಂಡನಾದ ಎಂದು ನಾನು ಹೇಳುವುದಿಲ್ಲ. ಬಂದ, ಕಟ್ಟಿಗೆ ಡೇಪೋದಲ್ಲಿ ಹಮಾಲಿ ಹಿಡಿದ, ಮಗಳಿಗೆ ಅನ್ನ ಹಾಕಿದ. ಅದೇ ಬೇಕಾಗಿತ್ತು. ನಾನು ಆ ವಾರವೇ ಸತ್ತೆವ್ವನಿಗೆ ಮೂರು ಪುಟದ ಪತ್ರ ಬರೆದೆ. ಅಚ್ಚ ಕನ್ನಡದಲ್ಲಿ ಬರೆದೆ. ಜರ್ಮನಿಯ ಆ ಊರಿನಲ್ಲಿ ಅದನ್ನು ಆಕೆಗೆ ಓದಿ ಹೇಳುವವರು ಯಾರು ಎಂಬುದು ಎಂ.ಎ. ಮಾಡಿದ ನನ್ನ ತಲೆಗೆ ಹೊಳೆಯಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಾಗುವ ಹಾಗಿರಲಿಲ್ಲ. ಕೆಲ್ಲರ್ ಅಂಚೆಚೀಟಿ ಕೂಡಿಸುವವನು. ನನ್ನ ಲಕೋಟೆಯ ಮೂಲೆಯನ್ನು ಚೀಟಿಯ ಸಮೇತ ಹರಿದುಕೊಂಡು, ಉಳಿದದ್ದನ್ನು ಸತ್ತೆವ್ವನ ಕೈಗೆ ಕೊಟ್ಟ. ನಮ್ಮ ಕಡೆ ಮೂಲೆ ಹರಿದ ಕಾಗದ ಬರುವುದು ಸಾವಿನ ಸುದ್ದಿಗೆ.

ನವೆಂಬರದಲ್ಲಿ ಕೆಲ್ಲರನ ಹೆಂಡತಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಸತ್ತೆವ್ವ ಹತ್ತು ವಾರದಿಂದ ಆ ಕಾಗದವನ್ನು ಎದೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾಳೆ, ಬೀದಿಯಲ್ಲಿ ಕಂದು ಮುಖದವರು ಯಾರು ಕಂಡರೂ ಹೋಗಿ ತೋರಿಸುತ್ತಾಳೆ, ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ, ಅವನು ಬಂಗಾಳದವನು, ತಲೆಯಲ್ಲಾಡಿಸಿ ಹೋದ. ಯಾರೋ ಸತ್ತಿದ್ದಾರೆ ಎನ್ನುತ್ತಾಳೆ. ಊಟ ಅರ್ಧವಾಗಿದೆ. ಆಕೆ ಅಳುವುದಿಲ್ಲ. ಗಂಡನೋ ಮಗಳೋ ಅತ್ತೆಯೋ ಎಂದು ತಿಳಿಯದೆ ಹೇಗೆ ಅಳಲಿ ಎಂದು ಕೇಳುತ್ತಾಳೆ. ದಯವಿಟ್ಟು ಯಾರೆಂದು ತಿಳಿಸಿ.

ನಾನು ಪಾಠ ನಿಲ್ಲಿಸಿ ಅಂಚೆ ಕಚೇರಿಗೆ ನಡೆದೆ. ಇಂಗ್ಲಿಷಿನಲ್ಲಿ ತಂತಿ ಬರೆದುಕೊಟ್ಟೆ: ಯಾರೂ ಸತ್ತಿಲ್ಲ. ದ್ಯಾಮಪ್ಪ ಮಗಳ ಹತ್ತಿರ ಇದ್ದಾನೆ.