ಪಿಳ್ಳಪ್ಪ ಮುಟ್ಟದ ಕಾರು

ಚಾಂಪಿಯನ್ ರೀಫ್ಸಿನ ಪಿಳ್ಳಪ್ಪ ಚಿನ್ನದ ಗಣಿಯ ಲಿಫ್ಟ್ ಇಂಜಿನ್ ಓಡಿಸಿ ಪಳಗಿದವನು. ಗಣಿ ಮುಚ್ಚಿದ ಮೇಲೆ ಹಳೇ ಕಾರು ಕೊಳ್ಳುವವರೆಲ್ಲ ಅವನನ್ನು ಬಂಗಾರಪೇಟೆಯ ಡೀಲರ್ ಹತ್ತಿರ ಕರೆದೊಯ್ಯುತ್ತಿದ್ದರು. ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸದ್ದು ಕೇಳಿ ಅವನು "ಬ್ಯಾಡ" ಅಂದರೆ ಮುಗಿಯಿತು. ಈಗ ಎಲ್ಲರೂ ಫೋನಿನಲ್ಲಿ ಫೋಟೋ ನೋಡಿ ಕೊಳ್ಳುತ್ತಾರೆ. ಫೋಟೋಗೆ ಎಲ್ಲಿಯ ಸದ್ದು?

ಅಳಿಯ ಸುಧಾಕರನೂ ಹಾಗೇ ಕೊಂಡು, ವಾರದ ಮೇಲೆ ಮಾವನಿಗೆ ತೋರಿಸಲು ತಂದ. ಆ ಕಾರು ಬೀದಿ ತಿರುಗುವಾಗಲೇ ಪಿಳ್ಳಪ್ಪನಿಗೆ ಸದ್ದಿನಲ್ಲೇ ಗೊತ್ತಾಯಿತು. ಇಂಜಿನ್ ಸವೆದುಹೋಗಿತ್ತು.

"ಎಲ್ಲಾ ಕಂಪ್ನಿಯೋರೇ ಚೆಕ್ ಮಾಡವ್ರೆ ಮಾವ," ಅಳಿಯ ಫೋನು ತೋರಿಸಿದ. "ವಾಪಸ್ ಕೊಡೋ ಗಡುವೂ ನೆನ್ನೆಗೆ ಮುಗೀತು. ಎಂಗೈತೆ?"

ಕಾರಿನೊಳಗೆ ಮಗಳು ಅರುಣಕುಮಾರಿ ನಗುತ್ತಾ ಕೂತಿದ್ದಳು.

ಪಿಳ್ಳಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಚೆನ್ನಾಗೈತಪ್ಪ."

ಮಗಳ ನಗು ನಿಂತಿತು. ಅಪ್ಪ ಬಾನೆಟ್ ಮುಟ್ಟದೆ ಒಪ್ಪಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.