ದ್ವೀಪದವರು ಕಳಿಸಿದ ಕಣ್ಣಿನ ಪಟ್ಟಿ

ಹೊಸನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಪನಾಮಾ ದೇಶದ ದ್ವೀಪಗಳ ವಿಡಿಯೋ ಕಂಡೆ. ಅಲ್ಲಿನ ಮೂಲನಿವಾಸಿಗಳಾದ ಗುನಾ ಜನರ ಹೆಂಗಸರು ನಾಲ್ಕೈದು ಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಕತ್ತರಿಸಿ, ಒಳಗಿನ ಬಣ್ಣ ಕಾಣುವಂತೆ ಅಂಚು ಮಡಚಿ ಹೊಲಿಯುತ್ತಿದ್ದರು. ಎಲ್ಲ ಕೈಹೊಲಿಗೆ. ದಾರ ಎಲ್ಲಿ ಹೋಗಿದೆ ಅಂತಲೇ ತಿಳಿಯುತ್ತಿರಲಿಲ್ಲ. ಹತ್ತು ಸಲ ನೋಡಿದೆ.

ಸಾಗರ ಪೇಟೆಯಲ್ಲಿರುವ ಅಕ್ಕನಿಗೆ ಅದನ್ನು ಕಳಿಸಿದೆ. ಅವಳು ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾಗಿ ವರ್ಷವಾಗಿತ್ತು. "ಹೋಗೇ ಬಿಡೋಣ ಮಾರಾಯ್ತಿ," ಅಂದಳು. ತಮಾಷೆ ಅಂದುಕೊಂಡೆ. ಮುಂದಿನ ವಾರ ನಾವಿಬ್ಬರೂ ತೀರ್ಥಹಳ್ಳಿಯಲ್ಲಿ, ಜನರನ್ನು ಕಾಶಿಗೂ ಸಿಂಗಾಪುರಕ್ಕೂ ಕರೆದುಕೊಂಡು ಹೋಗುವ ಟೂರ್ ಏಜೆಂಟನ ಎದುರು ಕೂತಿದ್ದೆವು.

ನಾನು ಸ್ವಲ್ಪ ಓದಿಕೊಂಡು ಹೋಗಿದ್ದೆ. ಆ ದ್ವೀಪಗಳ ಆಡಳಿತ ಅಲ್ಲಿನವರದೇ. ಪ್ರವಾಸಿಗಳಿಗೆ ಅಂತ ಬೇರೆ ಸಣ್ಣ ದ್ವೀಪಗಳಿವೆ. ಜನ ವಾಸವಿರುವ ದ್ವೀಪದಲ್ಲಿ ಉಳಿಯಬೇಕಾದರೆ ಊರಿನ ಸಭೆ ಒಪ್ಪಬೇಕು.

"ನಂಗೆ ಮರಳು ನೋಡೋದು ಬೇಡ. ಹೊಲಿಯೋರ ಮನೇಲಿ ನಾಕು ದಿನ ಕೂರಬೇಕು," ಅಂದೆ.

"ಆಗ್ತದೆ ಮೇಡಂ. ನಂಗೆ ಬಿಡಿ."

"ಅವ್ರು ಒಪ್ಪಬೇಕಲ್ಲ?"

"ಒಪ್ತಾರೆ. ನೀವು ಸಹಿ ಮಾಡಿ, ಸಾಕು."

ಇಷ್ಟು ಬೇಗ ಆಗ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ನಾಳೆಗೇ ರವಿಕೆ ಕೊಡ್ತೀನಿ ಅಂತ ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಕಾಗದಗಳು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಇದ್ದವು. ಅಕ್ಕ ಒಂದೊಂದೇ ಹಾಳೆ ತಿರುಗಿಸಿ ಸಹಿ ಹಾಕಿದಳು. ಅವಳು ತೋರಿಸಿದ ಕಡೆಯೆಲ್ಲ ನಾನೂ ಹಾಕಿದೆ.

ತಿಂಗಳ ಮೇಲೆ ನನ್ನ ಫೋನಿಗೆ ಗುರುತಿಲ್ಲದ ಪನಾಮಾದ ನಂಬರಿನಿಂದ ಮೆಸೇಜು ಬಂತು. ಫೋನೇ ಅದನ್ನು ಕನ್ನಡ ಮಾಡಿ ತೋರಿಸಿತು: "ಕನ್ನಡಕಗಳು ಎಷ್ಟು ತರುವಿರಿ?"

ಅಕ್ಕನಿಗೆ ಓದಿ ಹೇಳಿದೆ. "ನೋಡಿದ್ಯಾ, ಈಗ್ಲೇ ಕೇಳೋಕೆ ಶುರು ಮಾಡಿದ್ರು. ಇವತ್ತು ಕನ್ನಡಕ, ನಾಳೆ ಇನ್ನೊಂದು. ಉತ್ತರ ಕೊಡ್ಬೇಡ," ಅಂದಳು. ನನಗೂ ಹಾಗೇ ಅನ್ನಿಸಿತು. ದಿನಾ ಫೋನಿನಲ್ಲಿ ಬರುವ ಮೋಸದ ಸುದ್ದಿ ಕಡಿಮೆಯೇ? ಏಜೆಂಟನೂ ದ್ವೀಪದ ಕಡೆಯವರೂ ಸೇರಿಕೊಂಡಿರಬಹುದು ಅಂತಲೂ ಯೋಚಿಸಿದೆ.

ನಾಲ್ಕು ದಿನ ಬಿಟ್ಟು ಅದೇ ನಂಬರಿನಿಂದ ಒಂದು ಫೋಟೋ ಬಂತು. ಶಾಲೆಯ ನೋಟ್‌ಬುಕ್ಕಿನ ಹಾಳೆ. ಪೆನ್ನಿನಲ್ಲಿ ಬರೆದ ಹೆಸರುಗಳು, ಪಕ್ಕದಲ್ಲಿ ವಯಸ್ಸು. ಕೆಲವು ಹೆಸರಿನ ಮುಂದೆ ಒಂದು ಕಣ್ಣಿನ ಚಿತ್ರ, ಕೆಲವಕ್ಕೆ ಎರಡು. ಕೆಳಗೆ ಬರೆದಿತ್ತು: "ಡಾಕ್ಟರೇ, ನಮ್ಮ ಸಭೆ ನಿಮಗೆ ಒಪ್ಪಿಗೆ ಕೊಟ್ಟಿದೆ. ಇವರು ಕಾಯುತ್ತಿದ್ದಾರೆ."

ಮಷಿನ್ ನಿಲ್ಲಿಸಿ ಅದನ್ನೇ ನೋಡುತ್ತ ಕೂತೆ. ಬ್ಯಾಕೋಡು ಅನ್ನುವ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ಹಿಂದೊಮ್ಮೆ ಕಣ್ಣಿನ ಕ್ಯಾಂಪಿಗೆ ಅಂತ ಬೆಳಿಗ್ಗೆಯೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಮಧ್ಯಾಹ್ನವಾದರೂ ವ್ಯಾನು ಬರಲಿಲ್ಲ. ಅವಳು ಯಾರಿಗೂ ಬಯ್ಯಲಿಲ್ಲ, ಸೀರೆ ಬದಲಾಯಿಸಿ ಕೆಲಸಕ್ಕೆ ಹೋದಳು.

ಮರುದಿನವೇ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಏಜೆಂಟನ ಮೇಜಿನ ಮೇಲೆ ಫೋನಿಟ್ಟು, "ಇದೆಂಥದು?" ಅಂದೆ.

ಅವನು ಓದಿ ನಕ್ಕ. "ಬರೀ ಟೂರಿಸ್ಟು ಅಂದ್ರೆ ಊರೊಳಗೆ ಬಿಡಲ್ಲ ಮೇಡಂ. ಕಣ್ಣಿನ ಡಾಕ್ಟರು, ಕ್ಯಾಂಪ್ ಮಾಡ್ತಾರೆ ಅಂತ ಹಾಕಿದೀನಿ. ಹೋದ ಮೇಲೆ ಕಣ್ಣು ನೋಡೋ ಮಷಿನ್ ಕಸ್ಟಮ್ಸಲ್ಲಿ ಸಿಕ್ಕಿ ಬಿತ್ತು ಅಂದ್ರಾಯ್ತು. ಊರೊಳಗೇ ಇರ್ಬೇಕು ಅಂದಿದ್ದು ನೀವೇ ಅಲ್ವಾ?"

ಹೌದು, ನಾನೇ. ಆ ಫಾರಂ ತೋರಿಸಿ ಅಂದೆ. ಡಾಕ್ಟರ್ ಅಂತ ಎರಡು ಕಡೆ ದಪ್ಪ ಅಕ್ಷರದಲ್ಲಿತ್ತು. ಒಂದರ ಕೆಳಗೆ ಅಕ್ಕನ ಸಹಿ, ಇನ್ನೊಂದರ ಕೆಳಗೆ ನನ್ನದು. ಕಾಗದಗಳನ್ನೆಲ್ಲ ವಾಪಸ್ ತಗೊಂಡು ಅಲ್ಲಿಂದ ನೇರ ಸಾಗರಕ್ಕೆ ಹೋದೆ.

"ಅಕ್ಕ, ನಿಂಗೆ ಗೊತ್ತಿತ್ತಾ?"

ಅವಳು ಕಾಯಿ ತುರಿಯುತ್ತಿದ್ದಳು. "ಇಂಗ್ಲಿಷು ಸಣ್ಣಕ್ಕಿತ್ತು. ಸರಿಯಾಗಿ ನೋಡ್ಲಿಲ್ಲ."

"ದಪ್ಪಕ್ಕೇ ಇದೆ."

"ನಿಂಗೆ ಅಷ್ಟು ಆಸೆ ಇತ್ತಲ್ಲ ಅಂತ..." ಅಂದಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಅಡ್ಡಾದಿಡ್ಡಿ ವಿಳಾಸಗಳನ್ನೆಲ್ಲ ಓದಿದವಳು ಅವಳು. ಆವತ್ತು ಊಟ ಮಾಡದೆ ಬಂದೆ. ಈಗ ಮಾತಾಡುತ್ತೇವೆ, ಹಬ್ಬಕ್ಕೆ ಹೋಗಿ ಬರುತ್ತೇವೆ. ಆದರೆ ಅವಳು ಯಾವುದಾದರೂ ಕಾಗದ ಮುಂದಿಟ್ಟರೆ ಅವಳೆದುರೇ ಪೂರ್ತಿ ಓದುತ್ತೇನೆ. ಅದು ಅವಳಿಗೆ ಗೊತ್ತಾಗುತ್ತದೆ.

ಹೊಸನಗರಕ್ಕೆ ಬಂದು ದ್ವೀಪದ ನಂಬರಿಗೆ ಬರೆದೆ. ನಾವು ಡಾಕ್ಟರಲ್ಲ, ನಾನು ಬಟ್ಟೆ ಹೊಲಿಯುವವಳು, ಸುಳ್ಳು ಬರೆದ ಕಾಗದಕ್ಕೆ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು, ಯಾರನ್ನೂ ಕಾಯಿಸಬೇಡಿ. ಎಂಟು ದಿನ ಸುದ್ದಿಯಿಲ್ಲ. ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿರಬಹುದು ಅಂತ ಅಂಗಡಿ ಮುಂದೆ ಜೀಪು ನಿಂತರೂ ಬೆಚ್ಚುತ್ತಿದ್ದೆ.

ಒಂಬತ್ತನೆಯ ದಿನ ಉತ್ತರ ಬಂತು. ಬರೆದವಳು ಆ ಊರಿನ ಶಾಲೆಯ ಟೀಚರಂತೆ. "ನಿಮ್ಮ ಮಾತನ್ನು ಸಭೆಯಲ್ಲಿ ಓದಿದೆ. ಹಿರಿಯರಿಗೆ ಸಿಟ್ಟು ಬಂದಿದೆ. ನೀವು ಬರಬೇಡಿ. ಹೊಲಿಯುವವಳು ಅನ್ನುವುದನ್ನಾದರೂ ಹೇಗೆ ನಂಬುವುದು?"

ನನ್ನ ಅಂಗಡಿಯ ಫೋಟೋ, ಬಾರ್ಡರ್ ಕೂರಿಸಿದ ಎರಡು ರವಿಕೆಯ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಒಂದೇ ಸಾಲು ಬಂತು: "ಇದು ಕೈಯಲ್ಲಿ ಹೊಲಿದದ್ದೋ, ಯಂತ್ರದಲ್ಲೋ?"

ಯಂತ್ರದಲ್ಲಿ, ಅಂತ ನಿಜವನ್ನೇ ಬರೆದೆ. ಆಮೇಲೆ ಅವಳು ಏನೂ ಬರೆದಿಲ್ಲ.