ಹಲ್ಲು ಕೀಳುವ ಪಿಳ್ಳಪ್ಪ
ಹಲಸೂರು ಸಂತೆಬೀದಿಯ ಹುಣಿಸೆಮರದ ಕೆಳಗೆ, ಹಲ್ಲು ಕೀಳುವ ಪಿಳ್ಳಪ್ಪನ ಸ್ಟೂಲಿನ ಮೇಲೆ ಕೂತವರು ಅವನ ಪಾಠ ಕೇಳದೆ ಎದ್ದುಹೋದ ಉದಾಹರಣೆಯೇ ಇಲ್ಲ. ನಿಮ್ಮ ಕೆನ್ನೆ ಬೇಕರಿಯ ಬನ್ನಿನ ಹಾಗೆ ಊದಿರಲಿ, ನೀವು ಅಯ್ಯೋ ಅಪ್ಪಾ ಎಂದು ನರಳುತ್ತಿರಿ, ಅವನು ಮಾತ್ರ ಇಕ್ಕಳವನ್ನು ಮಡಿಲಲ್ಲಿಟ್ಟುಕೊಂಡು, ಯುದ್ಧ ಮುಗಿಸಿ ಹೋದ ಸೋಲ್ಜರುಗಳು ಬಿಸಾಡಿದ ಇನಾಮಲ್ ತಟ್ಟೆಯೊಂದನ್ನು ನಿಮ್ಮ ಮೂಗಿನ ಮುಂದೆ ಹಿಡಿಯುತ್ತಾನೆ. “ನೋಡ್ರೀ, ಹಲ್ಲಿನ ಮೇಲೂ ಇಂಥದೇ ಬಿಳೀ ಹೊದಿಕೆ. ಮೈಯಲ್ಲೆಲ್ಲ ಇದಕ್ಕಿಂತ ಗಟ್ಟಿ ಯಾವ್ದೂ ಇಲ್ಲ. ಆದ್ರೆ ಒಂದ್ಸಲ ಚೆಕ್ಕೆ ಎದ್ರೆ ಮತ್ತೆ ಬೆಳೆಯಲ್ಲ. ಅದರ ಕೆಳಗೆ ಮೂಳೆಯಂಥ ಪದರ, ಅದರೊಳಗೆ ನರ, ರಕ್ತ, ಜೀವ! ಬರೀ ಕಲ್ಲು ಅಂದ್ಕೊಂಡ್ರಾ?” ಕೇಳುವವರು ‘ಆಂ?’ ಎಂದು ಬಾಯಿ ತೆರೆದದ್ದೇ ತಡ, ಹಲ್ಲು ಹೊರಗೆ. ಮರ್ಫಿ ಟೌನಿನ ಮದುವೆ ಮಾತುಕತೆಗೆ ಕರೆದರೂ ಅವನು ಗಂಡಿನ ಮುಖ ನೋಡುವುದಿಲ್ಲ, ದವಡೆ ನೋಡುತ್ತಾನೆ. ಕಿತ್ತ ಹಲ್ಲನ್ನೆಲ್ಲ ಸ್ಟೂಲಿನ ಪಕ್ಕದ ತಗಡಿನ ಡಬ್ಬಕ್ಕೆ ಠಣ್ಣೆಂದು ಹಾಕುವುದು ಅವನ ಪದ್ಧತಿ. ಯಾರದಾದರೂ ಬಾಯಿಯ ಕೊನೆಯ ಹಲ್ಲು ಕಿತ್ತ ದಿನ ಮಾತ್ರ ಡಬ್ಬ ಮುಟ್ಟುವುದಿಲ್ಲ. ಮೊನ್ನೆ ಮುನಿಗಂಗಮ್ಮಜ್ಜಿ ಬರಿದಾದ ಬಾಯಿಗೆ ಸೆರಗು ಮುಚ್ಚಿಕೊಂಡು ಸಪ್ಪಗೆ ಕೂತುಬಿಟ್ಟಾಗ, ಅವಳ ಆ ಕೊನೆಯ ಹಲ್ಲನ್ನು ಮಕ್ಕಳ ಹಾಲುಹಲ್ಲಿನಂತೆ ಸಗಣಿಯುಂಡೆಯಲ್ಲಿಟ್ಟು, ಹೊಸ ಹಲ್ಲು ಕೊಡೆಂದು ಗಟ್ಟಿಯಾಗಿ ಬೇಡಿಕೊಂಡು, ಎದುರು ಮನೆಯ ಹೆಂಚಿನ ಮೇಲೆ ಎಸೆದ. “ಈ ವಯಸ್ನಲ್ಲಿ ಬರ್ತದೇನೋ, ಪಿಳ್ಳಪ್ಪ?” ಎಂದಳು ಅಜ್ಜಿ. “ಕೇಳೋದ್ರಲ್ಲಿ ನಮ್ದೇನು ಹೋಗ್ತದೆ, ಅಜ್ಜಿ?” ಸೆರಗು ಹೆಗಲಿಗೆ ಜಾರಿತು, ಅಜ್ಜಿ ಬೊಚ್ಚುಬಾಯಿ ತುಂಬ ನಗುತ್ತಲೇ ಇದ್ದಳು.